ಮೆಲುದನಿಗೆ ಗಂಟಲನ್ನು ಒತ್ತಬೇಕಿಲ್ಲ

ಪ್ರಶ್ನೆ: ನನಗೆ 39 ವರ್ಷ, ಮೈಸೂರಿನ ಸಾಫ್ಟ್‌ವೇರ್ ಕಂಪನಿಯೊಂದರಲ್ಲಿ ಕೆಲಸ. ಚಿಕ್ಕಂದಿನಲ್ಲಿ ಎಂಟು ವರ್ಷ ಕರ್ನಾಟಕ ಸಂಗೀತ ಕಲಿತು ಜೂನಿಯರ್ ಪರೀಕ್ಷೆ ಮುಗಿಸಿದ್ದೇನೆ. ಈಗ ಬಿಡುವಿದ್ದಾಗ ಸುಗಮ ಸಂಗೀತ ಹಾಡುತ್ತೇನೆ. ಒಂದು ವರ್ಷದಿಂದ ಕೆನಡಾದ ಗಾಯಕ ಮೈಕಲ್ ಬೂಬ್ಲೆ ಅವರ 2005ರ ‘ಇಟ್ಸ್ ಟೈಮ್’ ಆಲ್ಬಮ್ಮಿನ ಹುಚ್ಚು ಹಿಡಿದಿದೆ. ಆರು ವಾರಗಳಲ್ಲಿ ಬರಲಿರುವ ಕಚೇರಿಯ ವಾರ್ಷಿಕೋತ್ಸವದಲ್ಲಿ ಅದರ ನಾಲ್ಕು ಹಾಡುಗಳನ್ನು (ಫೀಲಿಂಗ್ ಗುಡ್, ಹೋಮ್, ಐವ್ ಗಾಟ್ ಯೂ ಅಂಡರ್ ಮೈ ಸ್ಕಿನ್, ಸೇವ್ ದ ಲಾಸ್ಟ್ ಡಾನ್ಸ್ ಫಾರ್ ಮಿ) ಕರೋಕೆ ಟ್ರ್ಯಾಕಿಗೆ ಹಾಡಬೇಕೆಂದಿದ್ದೇನೆ. ರಾತ್ರಿ ಊಟವಾದ ಮೇಲೆ, ಮನೆಯವರಿಗೆ ತೊಂದರೆಯಾಗದಂತೆ ಹೆಡ್‌ಫೋನ್ ಹಾಕಿಕೊಂಡು ಮೂಲ ಹಾಡಿನ ಜೊತೆಗೇ ಅಭ್ಯಾಸ ಮಾಡುತ್ತೇನೆ. ಅರ್ಧ ಗಂಟೆಯಲ್ಲಿ ಗಂಟಲು ಉರಿಯುತ್ತದೆ, ಮರುದಿನ ಬೆಳಿಗ್ಗೆ ದನಿ ಒಡೆದಿರುತ್ತದೆ. ಅವರ ಗಂಭೀರ ದನಿಯನ್ನು ತರಲು ಹೋದರೆ ಕೆಳಗಿನ ಸ್ವರಗಳು ಟೊಳ್ಳಾಗುತ್ತವೆ, ಮೇಲಿನವು ಕೂಗಾಗುತ್ತವೆ. ಲಯವೂ ಎಲ್ಲೋ ಕೂರುತ್ತಿಲ್ಲ. ಗೆಳೆಯನೊಬ್ಬ ‘ಅದೆಲ್ಲ ಕಂಪ್ಯೂಟರಿನಲ್ಲಿ ತಿದ್ದಿದ ದನಿ, ನಿನಗೆ ಬರುವುದಿಲ್ಲ’ ಎನ್ನುತ್ತಾನೆ. ಜಾಝ್ ಕೇಳುವ ಇನ್ನೊಬ್ಬ ‘ಅವನೇ ಸಿನಾಟ್ರಾನ ನಕಲು, ನೀನು ನಕಲಿನ ನಕಲು’ ಎಂದು ನಗುತ್ತಾನೆ. ಅಕ್ಕನಿಗಂತೂ ಇದರಿಂದ ಕಲಿತ ಸಂಗೀತವೂ ಕೆಟ್ಟುಹೋಗುತ್ತದೆ ಎಂಬ ಆತಂಕ. ನಾನು ಮುಂದುವರಿಯಬಹುದೇ?

ಉತ್ತರ: ಮುಂದುವರಿಯಬಹುದು, ಆದರೆ ಈಗ ನಡೆಸುತ್ತಿರುವ ರೀತಿಯಲ್ಲಲ್ಲ. ನಿಮ್ಮ ಪತ್ರದಲ್ಲಿ ನಾಲ್ಕೈದು ಸಂಶಯಗಳಿದ್ದರೂ ಅವುಗಳ ಬೇರು ಒಂದೇ ಎಂದು ನನಗೆ ಅನ್ನಿಸುತ್ತದೆ. ಉಸಿರು, ಮೈಕ್, ವಾದ್ಯಸಂಯೋಜನೆ, ಸ್ಟುಡಿಯೋ ಈ ನಾಲ್ಕೂ ಕೂಡಿ ತಯಾರಾದ ಒಂದು ದನಿಯನ್ನು ನೀವು ಗಂಟಲೊಂದರಿಂದಲೇ ತಯಾರಿಸಲು ಹೊರಟಿದ್ದೀರಿ. ಎರಡು ದಶಕಗಳಿಂದ ಗಾಯಕರ ಧ್ವನಿ ಮುದ್ರಿಸುತ್ತ, ಅವರಿಗೆ ಮೈಕಿನ ಮುಂದೆ ಹಾಡುವುದನ್ನು ಹೇಳಿಕೊಡುತ್ತ ಬಂದ ನಾನು ಅತಿ ಹೆಚ್ಚು ಸಲ ಕಂಡಿರುವ ತಪ್ಪೂ ಇದೇ. ಶಾಸ್ತ್ರೀಯ ಸಂಗೀತ ಕಲಿತವರಲ್ಲಿ ಇದು ಕಡಿಮೆಯೇನಲ್ಲ. ಅವರಿಗೆ ಗಂಟಲಿನ ಮೇಲೆ ಇರುವ ನಂಬಿಕೆ ಮೈಕಿನ ಮೇಲೆ ಇರುವುದಿಲ್ಲ.

ಗಂಟಲಿನ ವಿಷಯವನ್ನು ಮೊದಲು ಮುಗಿಸುತ್ತೇನೆ, ಏಕೆಂದರೆ ಉಳಿದದ್ದು ಕಾಯಬಹುದು. ನೀವು ಬರೆದಿರುವ ದಿನಚರಿಯಲ್ಲಿಯೇ ಉರಿಗೆ ಸಾಕಷ್ಟು ಕಾರಣಗಳಿವೆ. ಕಿವಿಗಳೆರಡನ್ನೂ ಮುಚ್ಚುವ ಹೆಡ್‌ಫೋನಿನಲ್ಲಿ ಇಡೀ ಬ್ಯಾಂಡು ಮೊಳಗುತ್ತಿರುವಾಗ ನಿಮ್ಮ ದನಿ ನಿಮಗೇ ಸರಿಯಾಗಿ ಕೇಳಿಸುವುದಿಲ್ಲ. ಸುತ್ತಲಿನ ಸದ್ದು ಹೆಚ್ಚಿದಷ್ಟೂ ಮನುಷ್ಯ ಅರಿವಿಲ್ಲದೆಯೇ ದನಿ ಏರಿಸುತ್ತಾನೆ. ಫ್ರಾನ್ಸಿನ ವೈದ್ಯ ಎಟಿಯೆನ್ ಲೊಂಬಾರ್ಡ್ ಸುಮಾರು ನೂರು ವರ್ಷಗಳ ಹಿಂದೆಯೇ ಇದನ್ನು ಗುರುತಿಸಿದ್ದರಿಂದ ಇದಕ್ಕೆ ಅವರದೇ ಹೆಸರು ಉಳಿದಿದೆ. ಜಾತ್ರೆಯಲ್ಲಿ ಪಕ್ಕದವರೊಡನೆ ಮಾತಾಡಿ ಮನೆಗೆ ಬಂದಾಗ ಗಂಟಲು ಕಟ್ಟಿರುವುದು ಇದೇ ಕಾರಣಕ್ಕೆ. ಹಾಗಾಗಿ ನೀವು ಮೆಲ್ಲಗೆ ಹಾಡುತ್ತಿದ್ದೇನೆ ಎಂದುಕೊಂಡಿದ್ದರೂ ನಿಜವಾಗಿ ಒತ್ತಿ ಹಾಡುತ್ತಿರುತ್ತೀರಿ, ಜೊತೆಗೆ ಮನೆಯವರು ಮಲಗಿದ್ದಾರೆಂಬ ಸಂಕೋಚದಿಂದ ಆ ಒತ್ತಡವನ್ನು ಗಂಟಲಲ್ಲೇ ತಡೆಹಿಡಿಯುತ್ತಿರುತ್ತೀರಿ. ಒಂದೇ ಹೊತ್ತಿನಲ್ಲಿ ತಳ್ಳುವುದು ಮತ್ತು ತಡೆಯುವುದು ಧ್ವನಿತಂತುಗಳಿಗೆ ಕೂಗುವುದಕ್ಕಿಂತ ಹಗುರವಾದ ಕೆಲಸವೇನಲ್ಲ. ಹಗಲೆಲ್ಲ ಕರೆಗಳಲ್ಲಿ ಮಾತಾಡಿ ದಣಿದ ದನಿಯನ್ನು ರಾತ್ರಿ ತುಂಬಿದ ಹೊಟ್ಟೆಯಲ್ಲಿ ದುಡಿಸುವುದೂ ಇದಕ್ಕೆ ಸೇರಿಕೊಳ್ಳುತ್ತದೆ. ನಿಮಗೆ ಹುಳಿತೇಗಿನ ತೊಂದರೆಯಿದ್ದರೆ ಜಠರದ ಆಮ್ಲ ಮೇಲೆ ಬಂದು ಧ್ವನಿಪೆಟ್ಟಿಗೆಯನ್ನು ಕೆರಳಿಸುತ್ತದೆ. ಬೆಳಿಗ್ಗೆ ಎದ್ದಾಗಲೇ ದನಿ ಒಡೆದಿರುವುದರ ಹಿಂದೆ ಇದೂ ಇರಬಹುದು.

ಇವೆಲ್ಲಕ್ಕಿಂತ ದೊಡ್ಡದು ಇನ್ನೊಂದಿದೆ. ‘ಅವರ ಗಂಭೀರ ದನಿಯನ್ನು ತರಲು ಹೋದರೆ’ ಎಂದು ಬರೆದಿದ್ದೀರಲ್ಲ, ಆ ತರುವ ಕ್ರಿಯೆಯೇ ರೋಗ. ಇಲ್ಲದ ಭಾರವನ್ನು ದನಿಗೆ ತರಲು ಜನ ಸಾಮಾನ್ಯವಾಗಿ ನಾಲಗೆಯ ಬುಡವನ್ನು ಹಿಂದಕ್ಕೆಳೆದು ಧ್ವನಿಪೆಟ್ಟಿಗೆಯನ್ನು ಕೆಳಕ್ಕೆ ಒತ್ತಿ ಹಿಡಿಯುತ್ತಾರೆ. ಹಾಡುವಾಗ ಗದ್ದದ ಕೆಳಗಿನ ಮೆತ್ತನೆಯ ಭಾಗಕ್ಕೆ ಹೆಬ್ಬೆರಳನ್ನು ಮೃದುವಾಗಿ ಇಟ್ಟು ನೋಡಿ. ಅದು ಕಲ್ಲಿನಂತೆ ಗಟ್ಟಿಯಾದರೆ ನೀವೂ ಹಾಗೆಯೇ ಮಾಡುತ್ತಿದ್ದೀರಿ. ಈ ಸ್ಥಿತಿಯಲ್ಲಿ ಕೆಳಗಿನ ಸ್ವರಗಳಲ್ಲಿ ತಂತುಗಳು ಸರಿಯಾಗಿ ಕೂಡದೆ ಗಾಳಿ ಸೋರಿ ಟೊಳ್ಳಾಗುತ್ತವೆ, ಮೇಲಕ್ಕೆ ಹೋಗುವಾಗ ಅದೇ ಭಾರವನ್ನು ಹೊತ್ತುಕೊಂಡು ಏರಬೇಕಾಗಿ ಬಂದು ಕೂಗಾಗುತ್ತದೆ. ನೀವು ಹೇಳಿದ ಎರಡು ದೋಷಗಳೂ ಒಂದೇ ಹಿಡಿತದ ಎರಡು ತುದಿಗಳು. ಬೂಬ್ಲೆ ಹುಟ್ಟಿನಿಂದ ಬ್ಯಾರಿಟೋನ್, ಅಂದರೆ ಮಧ್ಯಮ ಭಾರದ ಗಂಡುದನಿ. ಅವರು ಭಾರವನ್ನು ತರುತ್ತಿಲ್ಲ, ಇರುವ ದನಿಯಲ್ಲಿ ಮಾತಾಡುವಂತೆ ಹಾಡುತ್ತಿದ್ದಾರೆ.

ಹತ್ತು ದಿನ ಈ ಹಾಡುಗಳನ್ನು ಬಿಡಿ. ಆಮೇಲೆ ಅಭ್ಯಾಸವನ್ನು ಬೆಳಿಗ್ಗೆಗೋ ಸಂಜೆ ಊಟಕ್ಕೆ ಮೊದಲೋ ಬದಲಿಸಿ, ಹದಿನೈದು ಹದಿನೈದು ನಿಮಿಷ ಎರಡು ಸಲ ಮಾಡಿ, ಹೆಡ್‌ಫೋನನ್ನು ಒಂದೇ ಕಿವಿಗೆ, ಸಣ್ಣ ಸದ್ದಿನಲ್ಲಿ ಇಟ್ಟುಕೊಳ್ಳಿ. ದಣಿದ ದಿನಗಳಲ್ಲಿ ಪಿಸುಮಾತಿಗೆ ಇಳಿಯಬೇಡಿ, ಅನೇಕರಲ್ಲಿ ಪಿಸುಮಾತು ತಂತುಗಳನ್ನು ಇನ್ನಷ್ಟು ಬಿಗಿಗೊಳಿಸುತ್ತದೆ. ಜೇನು, ಶುಂಠಿ, ಕಲ್ಲುಸಕ್ಕರೆಗಳ ಬಗ್ಗೆ ನನಗೆ ತಕರಾರಿಲ್ಲ, ಆದರೆ ನುಂಗಿದ್ದು ಅನ್ನನಾಳಕ್ಕೆ ಹೋಗುತ್ತದೆಯೇ ಹೊರತು ಧ್ವನಿತಂತುಗಳ ಮೇಲೆ ಹರಿಯುವುದಿಲ್ಲ ಎಂಬುದು ನೆನಪಿರಲಿ. ತಂತುಗಳನ್ನು ನೇರವಾಗಿ ಮುಟ್ಟುವುದು ಉಸಿರಾಡುವ ಗಾಳಿ ಮತ್ತು ಹಬೆ ಮಾತ್ರ. ದನಿ ಒಡೆದಿರುವುದು ಮೂರು ವಾರ ಮೀರಿದರೆ, ಇಲ್ಲವೇ ಹಾಡುತ್ತಿರುವಾಗ ದನಿ ತಟಕ್ಕನೆ ಹೋಗಿಬಿಟ್ಟರೆ, ಕಿವಿ ಮೂಗು ಗಂಟಲು ತಜ್ಞರಲ್ಲಿ ಧ್ವನಿಪೆಟ್ಟಿಗೆಯನ್ನು ನೋಡಿಸಿಕೊಳ್ಳಬೇಕು. ಇದು ಸುಮ್ಮನೆ ಹೆದರಿಸುವ ಮಾತಲ್ಲ. ಮೆಲುದನಿಯ ದೊರೆಯೆನಿಸಿಕೊಂಡ ಫ್ರಾಂಕ್ ಸಿನಾಟ್ರಾ ಅವರಿಗೇ 1950ರಲ್ಲಿ, ನ್ಯೂಯಾರ್ಕಿನ ಕೋಪಕಬಾನಾ ಕ್ಲಬ್ಬಿನಲ್ಲಿ ಹಾಡುತ್ತಿದ್ದ ದಿನಗಳಲ್ಲಿ, ಧ್ವನಿತಂತುಗಳಲ್ಲಿ ರಕ್ತಸ್ರಾವವಾಗಿ ವೇದಿಕೆಯ ಮೇಲೆಯೇ ದನಿ ನಿಂತುಹೋಗಿತ್ತು. ಅವರು ವಾರಗಟ್ಟಲೆ ಮೌನವಾಗಿ ಇರಬೇಕಾಯಿತು.

ಇನ್ನು ‘ಕಂಪ್ಯೂಟರಿನಲ್ಲಿ ತಿದ್ದಿದ ದನಿ’ ಎಂಬ ಮಾತು. ಇದು ಅರ್ಧ ಸತ್ಯವೂ ಅಲ್ಲ, ಕಾಲು ಸತ್ಯ. ಶ್ರುತಿಯನ್ನು ತಿದ್ದುವ ಆಟೋಟ್ಯೂನ್ ತಂತ್ರಾಂಶ 1997ರಲ್ಲಿ ಬಂತು. ಆ ಬಳಿಕದ ಜನಪ್ರಿಯ ಸಂಗೀತದಲ್ಲಿ ಅಂಥ ಸಾಧನಗಳ ಬಳಕೆ ಎಷ್ಟು ಸಾಮಾನ್ಯವೆಂದರೆ, ನನ್ನಲ್ಲಿ ಮುದ್ರಿಸಲು ಬರುವ ಭಕ್ತಿಗೀತೆಗಳ ಗಾಯಕರೂ ಅದನ್ನು ಕೇಳಿಯೇ ಪಡೆಯುತ್ತಾರೆ. ಆದರೆ ತಂತ್ರಾಂಶ ತಿದ್ದಬಲ್ಲದ್ದು ಸ್ವರದ ಎತ್ತರವನ್ನು ಮತ್ತು ಅಕ್ಷರ ಬೀಳುವ ಕಾಲವನ್ನು. ಒಂದು ಸಾಲನ್ನು ಎಲ್ಲಿ ಹಿಡಿದು ಎಲ್ಲಿ ಬಿಡಬೇಕು, ಯಾವ ಪದದ ಮೇಲೆ ಉಸಿರು ಬೆರೆಸಬೇಕು ಎಂಬುದನ್ನು ಅದು ಹೇಳಿಕೊಡುವುದಿಲ್ಲ. ಬೂಬ್ಲೆ ವೇದಿಕೆಯ ಮೇಲೆ ಹೇಗೆ ಹಾಡುತ್ತಾರೆಂದು ತಿಳಿಯಬೇಕಾದರೆ ಅದೇ 2005ರಲ್ಲಿ ಲಾಸ್ ಏಂಜಲೀಸಿನ ವಿಲ್ಟರ್ನ್ ರಂಗಮಂದಿರದಲ್ಲಿ ಮುದ್ರಿಸಿದ ‘ಕಾಟ್ ಇನ್ ದಿ ಆ್ಯಕ್ಟ್’ ಕೇಳಿ. ಸ್ಟುಡಿಯೋ ಮುದ್ರಿಕೆಗಿಂತ ಅಲ್ಲಿ ಅಂಚುಗಳು ಒರಟಾಗಿವೆ, ಉಸಿರಿನ ಸದ್ದಿದೆ, ಆದರೂ ಮನುಷ್ಯ ಅದೇ. ಅಭ್ಯಾಸಕ್ಕೆ ನಿಮಗೆ ಒಗ್ಗುವ ಮಾದರಿಯೂ ಅದೇ.

ಸ್ಟುಡಿಯೋ ಮುದ್ರಿಕೆ ಏಕೆ ಒಗ್ಗುವುದಿಲ್ಲ ಎಂಬುದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಈ ಗಾಯನ ಹುಟ್ಟಿದ್ದೇ ಯಂತ್ರದಿಂದ. 1925ರವರೆಗೆ ಗಾಯಕ ಒಂದು ದೊಡ್ಡ ಕಹಳೆಯೊಳಕ್ಕೆ ಹಾಡಬೇಕಿತ್ತು, ಆ ಸದ್ದಿನ ಬಲದಿಂದಲೇ ಸೂಜಿ ಮೇಣದ ಮೇಲೆ ಗೀರು ಎಳೆಯಬೇಕಿತ್ತು. ಆದ್ದರಿಂದ ರಂಗದ ಮೇಲಾಗಲಿ ರೆಕಾರ್ಡಿನಲ್ಲಾಗಲಿ ಗಟ್ಟಿದನಿಯವರಿಗೇ ಅನ್ನ. ಆ ವರ್ಷ ವಿದ್ಯುತ್ ಮುದ್ರಣ ಬಂದು, ರೇಡಿಯೋ ಮನೆಮನೆಗೆ ಹರಡಿದ ಮೇಲೆ, ಪಕ್ಕದಲ್ಲಿ ಕುಳಿತು ಕಿವಿಯಲ್ಲಿ ಹೇಳಿದಂತೆ ಹಾಡಿದರೂ ಸಾವಿರಾರು ಜನರಿಗೆ ಮುಟ್ಟುವುದು ಮೊದಲ ಬಾರಿಗೆ ಸಾಧ್ಯವಾಯಿತು. ಬಿಂಗ್ ಕ್ರಾಸ್ಬಿ ಮೊದಲಾದವರು ಈ ಸಾಧ್ಯತೆಯನ್ನು ಕಲೆಯಾಗಿ ಬೆಳೆಸಿದರು. ಅವರನ್ನು ಕ್ರೂನರ್ ಎಂದು ಕರೆದದ್ದು ಆರಂಭದಲ್ಲಿ ಹೊಗಳಿಕೆಯೇನೂ ಆಗಿರಲಿಲ್ಲ. 1932ರಲ್ಲಿ ಬಾಸ್ಟನ್ನಿನ ಕಾರ್ಡಿನಲ್ ವಿಲಿಯಂ ಓಕಾನಲ್ ಈ ಗಾಯನವನ್ನು ಗಂಡಸುತನಕ್ಕೆ ಅವಮಾನವೆಂಬಂತೆ ಬಹಿರಂಗವಾಗಿ ಖಂಡಿಸಿದರು. ಯುದ್ಧದ ನಡುವೆ, 1942ರಲ್ಲಿ, ಬಿಬಿಸಿ ಕೂಡ ಅತಿ ಭಾವುಕವಾಗಿ ಹಾಡುವವರನ್ನು ಬಾನುಲಿಯಿಂದ ದೂರವಿಡುವ ನೀತಿ ಮಾಡಿತು. ಮೆಲುದನಿಯ ಗಾಯನದ ಬಗ್ಗೆ ನಿಮ್ಮ ಅಕ್ಕನ ಆತಂಕಕ್ಕೆ ಹೀಗೆ ದೊಡ್ಡ ವಂಶವೇ ಇದೆ.

ಮೈಕಿನ ಗುಣವೊಂದನ್ನು ತಿಳಿದರೆ ನಿಮ್ಮ ಅರ್ಧ ಸಮಸ್ಯೆ ಕರಗುತ್ತದೆ. ಒಂದು ದಿಕ್ಕಿನಿಂದ ಬರುವ ಸದ್ದನ್ನೇ ಹೆಚ್ಚಾಗಿ ಹಿಡಿಯುವ ಮೈಕ್‌ಗಳು, ವೇದಿಕೆಯ ಮೇಲೆ ಸಿಗುವ ಹೆಚ್ಚಿನವು ಅಂಥವೇ, ಬಾಯಿಗೆ ಹತ್ತಿರವಾದಷ್ಟೂ ತಗ್ಗಿನ ಸ್ವರಾಂಶಗಳನ್ನು ತಾವಾಗಿಯೇ ಹಿಗ್ಗಿಸುತ್ತವೆ. ನಾಲ್ಕು ಬೆರಳಿನಷ್ಟು ದೂರದಲ್ಲಿ ಸಾದಾ ಇರುವ ದನಿ ಎರಡು ಬೆರಳಿನ ದೂರದಲ್ಲಿ ಎದೆಯಿಂದ ಬಂದಂತೆ ಕೇಳುತ್ತದೆ. ನೀವು ನಾಲಗೆಯ ಬುಡ ಒತ್ತಿ ತರಲು ಹೆಣಗುತ್ತಿರುವ ಗಾಂಭೀರ್ಯದಲ್ಲಿ ಒಂದು ಪಾಲು ಇದು. ಇನ್ನೊಂದು ಪಾಲು ಕಂಪ್ರೆಸರ್ ಎಂಬ ಸಾಧನದ್ದು. ಅದು ಏರಿದ ಸದ್ದನ್ನು ತಗ್ಗಿಸಿ ತಗ್ಗಿದ್ದನ್ನು ಮೇಲೆತ್ತುವುದರಿಂದ ಉಸಿರಿನಷ್ಟು ಸಣ್ಣ ಮಾತೂ ಇಡೀ ಬ್ಯಾಂಡಿನ ಮುಂದೆ ನಿಂತು ಕೇಳಿಸುತ್ತದೆ. ಮೂರನೆಯದು ಅನುರಣನ, ಅಂದರೆ ಕೋಣೆಯ ಗುಂಗು. ಹಾಲಿವುಡ್ಡಿನಲ್ಲಿ ಕ್ಯಾಪಿಟಲ್ ಎಂಬ ರೆಕಾರ್ಡ್ ಕಂಪನಿಯ ಕಟ್ಟಡದ ಅಡಿಯಲ್ಲಿ ಇದಕ್ಕಾಗಿಯೇ ನೆಲದೊಳಗೆ ಕಾಂಕ್ರೀಟಿನ ಕೋಣೆಗಳಿವೆ. ಗಾಯಕನ ದನಿಯನ್ನು ಸ್ಪೀಕರಿನ ಮೂಲಕ ಆ ಕೋಣೆಯೊಳಕ್ಕೆ ಬಿಟ್ಟು, ಮರಳಿ ಬಂದ ಗುಂಗನ್ನು ಮೈಕಿನಲ್ಲಿ ಹಿಡಿದು ಮೂಲದ ಜೊತೆ ಬೆರೆಸುತ್ತಾರೆ. ನಿಮ್ಮ ಮಲಗುವ ಕೋಣೆಯಲ್ಲಿ ಪರದೆ, ಹಾಸಿಗೆಗಳ ನಡುವೆ ಇದ್ಯಾವುದೂ ಇಲ್ಲದೆ ಹಾಡಿದಾಗ ದನಿ ಬಡವಾಗಿ ಕೇಳಿಸುವುದು ಸಹಜ. ಅದರ ಕೊರತೆ ತುಂಬಲು ಗಂಟಲು ಮುಂದೆ ಬರುತ್ತದೆ.

ಹೀಗಾಗಿ ನಿಮ್ಮ ಮೊದಲ ಖರ್ಚು ಹೆಡ್‌ಫೋನಿಗಲ್ಲ, ಒಂದು ಸಾಧಾರಣ ಮೈಕಿಗೆ ಮತ್ತು ಚಿಕ್ಕ ಸ್ಪೀಕರಿಗೆ. ಮಾತಾಡುವಷ್ಟೇ ದನಿಯಲ್ಲಿ ಹಾಡಿ, ಉಳಿದದ್ದನ್ನು ಮೈಕಿಗೆ ಬಿಡುವುದನ್ನು ಅಭ್ಯಾಸ ಮಾಡಿ. ದೂರ ಇಮ್ಮಡಿಯಾದರೆ ಮೈಕಿಗೆ ಮುಟ್ಟುವ ದನಿ ಸುಮಾರು ಆರು ಡೆಸಿಬೆಲ್ ಇಳಿಯುತ್ತದೆ. ತಾರಸ್ಥಾಯಿಯ ಸಾಲು ಬಂದಾಗ ಮೈಕನ್ನು ಒಂದು ಗೇಣು ದೂರ ಮಾಡುವುದು, ಸಾಲಿನ ಕೊನೆಯ ಮೆಲು ಪದಕ್ಕೆ ಮತ್ತೆ ಹತ್ತಿರ ತರುವುದು ಸಿನಾಟ್ರಾ ಕಾಲದಿಂದ ಈ ಗಾಯಕರ ಕೈಗೆ ಅಂಟಿದ ವಿದ್ಯೆ. ನಮ್ಮಲ್ಲಿ ಪಿ. ಬಿ. ಶ್ರೀನಿವಾಸ್ ಅವರ ದನಿಯನ್ನು ಕೇಳಿಕೊಂಡೇ ಬೆಳೆದವರಿಗೆ ಇದು ಅಪರಿಚಿತವಾಗಬೇಕಿಲ್ಲ. ಆ ದನಿ ಎಂದೂ ಏರಿ ಬಂದದ್ದಲ್ಲ, ಮೈಕನ್ನು ನಂಬಿ ನಿಂತದ್ದು.

ಎರಡನೆಯ ಗೆಳೆಯನ ‘ನಕಲು’ ಎಂಬ ಟೀಕೆಗೆ ನನ್ನ ಉತ್ತರ ಅಷ್ಟು ಸರಳವಲ್ಲ, ಏಕೆಂದರೆ ಆತನ ಮಾತಿನಲ್ಲಿ ಒಂದು ನಿಜವಿದೆ. ಕೆನಡಾದ ಬರ್ನಬಿಯಲ್ಲಿ 1975ರಲ್ಲಿ ಹುಟ್ಟಿದ ಬೂಬ್ಲೆ ಈ ಹಾಡುಗಳನ್ನು ಕಲಿತದ್ದು ಅಜ್ಜನ ರೆಕಾರ್ಡುಗಳಿಂದ. ಅವರ ಆಲ್ಬಮ್ಮುಗಳಿಗೆ ನಿರ್ಮಾಪಕ ಡೇವಿಡ್ ಫಾಸ್ಟರ್ ಕಟ್ಟಿಸಿದ ವಾದ್ಯಸಂಯೋಜನೆಗಳಲ್ಲಿ 1950ರ ದಶಕದ ಸಿನಾಟ್ರಾ ಮತ್ತು ಸಂಯೋಜಕ ನೆಲ್ಸನ್ ರಿಡಲ್ ಅವರ ನೆರಳು ದಟ್ಟವಾಗಿಯೇ ಇದೆ. ಕೋಲ್ ಪೋರ್ಟರ್ ಅವರ ಹಾಡನ್ನು, ಅಂದರೆ ನಿಮ್ಮ ಪಟ್ಟಿಯ ಮೂರನೆಯದನ್ನು, 1956ರಲ್ಲಿ ಸಿನಾಟ್ರಾ ಹಾಡಿದ ಬಗೆ ಎಷ್ಟು ಪ್ರಸಿದ್ಧವೆಂದರೆ ಆಮೇಲೆ ಹಾಡುವ ಯಾರೂ ಅದಕ್ಕೆ ಬೆನ್ನು ತಿರುಗಿಸಲಾರರು. ಆ ಒಂದು ಹಾಡಿನಲ್ಲಿ ಬೂಬ್ಲೆ ಹೊಸದೇನನ್ನೂ ಹೇಳಿದ್ದಾರೆಂದು ನನಗೂ ಅನ್ನಿಸುವುದಿಲ್ಲ.

ಆದರೆ ಇಡೀ ಆಲ್ಬಮ್ಮನ್ನು ಹಾಗೆ ತಳ್ಳಿಹಾಕುವವರು ಅದರ ಹಾಡುಗಳ ವಯಸ್ಸನ್ನು ನೋಡಿಲ್ಲ. ‘ಸ್ವಿಂಗ್ (ಜಾಝಿನ ತೂಗುವ ನಡೆ) ಕಾಲದ ಹಳೆಯ ಹಾಡುಗಳು’ ಎಂದು ಎಲ್ಲರೂ ಕರೆಯುವ ಈ ಸಂಕಲನದಲ್ಲಿ ನಿಜವಾಗಿ 1935ರಿಂದ 1945ರ ನಡುವಿನ ಸ್ವಿಂಗ್ ಯುಗಕ್ಕೆ ಸೇರುವವು ಮೂರೇ ಮೂರು. ಪೋರ್ಟರರ ಹಾಡು 1936ರದು, ಗರ್ಶ್ವಿನ್ ಸೋದರರ ‘ಎ ಫಾಗಿ ಡೇ’ 1937ರದು, ‘ದ ಮೋರ್ ಐ ಸೀ ಯೂ’ 1945ರದು. ಬೀಟಲ್ಸ್ ಅವರ ‘ಕಾಂಟ್ ಬೈ ಮಿ ಲವ್’ 1964ರದು. ಅದು ಇಲ್ಲಿ ಸ್ವಿಂಗಿನ ಉಡುಪು ತೊಟ್ಟು ಬಂದಿದೆ. ನಿಮ್ಮ ‘ಫೀಲಿಂಗ್ ಗುಡ್’ 1964ರ ಒಂದು ಬ್ರಿಟಿಷ್ ಸಂಗೀತ ನಾಟಕದ್ದು, ಮರುವರ್ಷ ನೀನಾ ಸಿಮೋನ್ ಹಾಡಿ ಅದನ್ನು ತಮ್ಮದಾಗಿಸಿಕೊಂಡರು. ‘ಸೇವ್ ದ ಲಾಸ್ಟ್ ಡಾನ್ಸ್’ 1960ರಲ್ಲಿ ಡ್ರಿಫ್ಟರ್ಸ್ ತಂಡದ್ದು. ‘ಹೋಮ್’ ಅಂತೂ ಬೂಬ್ಲೆ ತಾವೇ ಇಬ್ಬರ ಜೊತೆಗೂಡಿ ಬರೆದ ಹೊಸ ಹಾಡು. ಹಾಡು ಒಬ್ಬರದು, ಹಾಡುವವರು ಹಲವರು ಎಂಬುದು ಈ ಪರಂಪರೆಯ ದೋಷವಲ್ಲ, ಅದರ ಕ್ರಮವೇ ಹಾಗೆ. ಒಂದೇ ದಾಸರ ಪದ ಒಬ್ಬರಲ್ಲಿ ಒಂದು ರಾಗದಲ್ಲಿ, ಇನ್ನೊಬ್ಬರಲ್ಲಿ ಇನ್ನೊಂದರಲ್ಲಿ ಕೇಳಿಸುವುದನ್ನು ನಾವು ನಕಲೆನ್ನುವುದಿಲ್ಲವಲ್ಲ. ನಿಮಗೆ ಸಂಬಂಧಿಸಿದಂತೆ ಆ ಗೆಳೆಯನ ಟೀಕೆಯಿಂದ ಪಡೆಯಬೇಕಾದ ಲಾಭ ಒಂದಿದೆ. ಪ್ರತಿ ಹಾಡನ್ನೂ ಬೂಬ್ಲೆ ಹೊರತಾಗಿ ಕನಿಷ್ಠ ಇಬ್ಬರ ದನಿಯಲ್ಲಿ ಕೇಳಿ. ‘ಫೀಲಿಂಗ್ ಗುಡ್’ ಅನ್ನು ನೀನಾ ಸಿಮೋನ್ ಅವರಲ್ಲಿ ಕೇಳಿದ ಮೇಲೆ ನೀವು ಬೂಬ್ಲೆಯ ದನಿಯನ್ನು ಹಿಡಿಯಲು ಹೋಗುವುದು ತಾನಾಗಿಯೇ ಕಡಿಮೆಯಾಗುತ್ತದೆ, ಹಾಡು ಮಾತ್ರ ಉಳಿಯುತ್ತದೆ.

ಲಯ ಕೂರದಿರುವುದಕ್ಕೂ ಈ ವಯಸ್ಸಿನ ಲೆಕ್ಕವೇ ಕೀಲಿ. ನಾಲ್ಕು ಹಾಡುಗಳಿಗೂ ನೀವು ಒಂದೇ ನಡಿಗೆಯನ್ನು ಹೊಂದಿಸುತ್ತಿದ್ದೀರಿ ಎಂಬುದು ನನ್ನ ಊಹೆ. ಪೋರ್ಟರರ ಹಾಡಿನದು ಅಪ್ಪಟ ಸ್ವಿಂಗ್. ಅಲ್ಲಿ ಒಂದು ಎಣಿಕೆಯನ್ನು ಎರಡು ಸಮಭಾಗ ಮಾಡುವುದಿಲ್ಲ, ಮೊದಲ ಭಾಗ ಉದ್ದ, ಎರಡನೆಯದು ಗಿಡ್ಡ. ನಿಮಗೆ ತಿಳಿದ ಭಾಷೆಯಲ್ಲಿ ಹೇಳುವುದಾದರೆ ತಿಶ್ರ ನಡೆಯ ‘ತಕಿಟ’ದಲ್ಲಿ ‘ತಕಿ’ಯನ್ನು ಒಂದೇ ಅಕ್ಷರವಾಗಿ ಹಿಡಿದು ‘ಟ’ವನ್ನು ಮಾತ್ರ ಬೇರೆಯಾಗಿ ಇಡುವುದು. ವೇಗ ಹೆಚ್ಚಾದಂತೆ ಈ ಎರಡು-ಒಂದರ ಪ್ರಮಾಣ ಸಮದ ಕಡೆಗೆ ವಾಲುತ್ತದೆ, ನಿಧಾನವಾದಂತೆ ತೂಗಾಟ ಎದ್ದು ಕಾಣುತ್ತದೆ. ‘ಸೇವ್ ದ ಲಾಸ್ಟ್ ಡಾನ್ಸ್’ ಸ್ವಿಂಗ್ ಅಲ್ಲವೇ ಅಲ್ಲ, ಅದರದು ಲ್ಯಾಟಿನ್ ಅಮೆರಿಕದ ಕುಣಿತದ ನಡೆ, ಎಣಿಕೆಗಳು ಸಮವಾಗಿ ಒಡೆಯುತ್ತವೆ. ಇದರ ಮೇಲೆ ಸ್ವಿಂಗಿನ ತೂಗಾಟ ಹೇರಿದರೆ ಟ್ರ್ಯಾಕಿಗೂ ನಿಮಗೂ ಜಗಳ ತಪ್ಪಿದ್ದಲ್ಲ. ಚಪ್ಪಾಳೆಯ ವಿಷಯದಲ್ಲೂ ಎಚ್ಚರ ಬೇಕು. ನಾವು ಸಮಕ್ಕೆ, ಅಂದರೆ ಒಂದನೆಯ ಎಣಿಕೆಗೆ, ಒತ್ತು ಕೊಟ್ಟು ಬೆಳೆದವರು. ಸ್ವಿಂಗಿನಲ್ಲಿ ಚಿಟಿಕೆ ಬೀಳುವುದು ಎರಡು ಮತ್ತು ನಾಲ್ಕಕ್ಕೆ. ಒಂದು ವಾರ ಹಾಡದೆ ಬರೀ ಎರಡು-ನಾಲ್ಕಕ್ಕೆ ಚಿಟಿಕೆ ಹೊಡೆಯುತ್ತ ನಡೆದಾಡಿ.

ಇದರ ಮೇಲೆ ಕ್ರೂನರ್‌ಗಳು ಆಡುವ ಇನ್ನೊಂದು ಆಟವಿದೆ. ಸಾಲನ್ನು ಬರೆದ ಜಾಗಕ್ಕಿಂತ ತುಸು ತಡವಾಗಿ ಎತ್ತಿ, ಒಳಗಿನ ಪದಗಳನ್ನು ಒತ್ತೊತ್ತಾಗಿ ಹೇಳಿ, ಮುಗಿಯುವ ಜಾಗದಲ್ಲಿ ಸರಿಯಾಗಿ ಬಂದು ಸೇರುತ್ತಾರೆ. ಅನಾಗತ ಎಡುಪು ಗೊತ್ತಿರುವ ನಿಮಗೆ ತಡವಾಗಿ ಎತ್ತುವುದು ಹೊಸದಲ್ಲ. ಆದರೆ ಅಲ್ಲಿ ಅದು ಕೃತಿಯಲ್ಲೇ ನಿಗದಿಯಾಗಿರುತ್ತದೆ, ಇಲ್ಲಿ ಹಾಡುವವನ ಆ ಹೊತ್ತಿನ ಮರ್ಜಿ. ಮೂಲ ಮುದ್ರಿಕೆಯ ಜೊತೆ ಹಾಡಿ ಕಲಿತವರು ಬೂಬ್ಲೆಯ ಮರ್ಜಿಯನ್ನೇ ಲೆಕ್ಕವೆಂದು ಬಾಯಿಪಾಠ ಮಾಡಿಕೊಳ್ಳುತ್ತಾರೆ, ಕರೋಕೆಯಲ್ಲಿ ಆ ದನಿ ಇಲ್ಲವಾದೊಡನೆ ಆಧಾರ ತಪ್ಪುತ್ತದೆ. ಮೊದಲು ಹಾಡನ್ನು ನೇರವಾಗಿ, ಪ್ರತಿ ಪದವನ್ನೂ ಅದರ ಜಾಗದಲ್ಲಿ ಇಟ್ಟು, ಹಸುಗೂಸಿಗೆ ಹೇಳಿಕೊಡುವಂತೆ ಹಾಡಲು ಬರಬೇಕು. ತಡ ಮಾಡುವ ಹಕ್ಕು ಆಮೇಲೆ ಬರುತ್ತದೆ.

ಉಸಿರಿನ ಬಗ್ಗೆ ಒಂದು ಮಾತು. ಸಿನಾಟ್ರಾ 1940ರಿಂದ 42ರವರೆಗೆ ಟಾಮಿ ಡಾರ್ಸಿಯ ಬ್ಯಾಂಡಿನಲ್ಲಿದ್ದಾಗ, ಡಾರ್ಸಿ ಟ್ರಾಂಬೋನಿನಲ್ಲಿ ಉಸಿರು ಕಡಿಯದಂತೆ ಉದ್ದುದ್ದ ಸಾಲು ನುಡಿಸುವುದನ್ನು ಹಿಂದಿನಿಂದ ನೋಡಿ ನೋಡಿ ಕಲಿತೆ ಎಂದು ಹೇಳಿಕೊಂಡಿದ್ದಾರೆ. ಪೋರ್ಟರರ ಹಾಡಿಗೆ ಅದು ಬೇಕೇ ಬೇಕು. ಆ ಕಾಲದ ಹಾಡುಗಳು ಸಾಮಾನ್ಯವಾಗಿ 32 ಬಾರ್‌ಗಳಲ್ಲಿ (ಬಾರ್ ಎಂದರೆ ಇಲ್ಲಿ ನಾಲ್ಕು ಎಣಿಕೆಯ ಒಂದು ಸುತ್ತು) ಮುಗಿದರೆ ಇದು 56 ಬಾರ್‌ಗಳವರೆಗೆ ಎಲ್ಲೂ ನಿಲ್ಲದೆ ಏರುತ್ತಲೇ ಹೋಗುತ್ತದೆ. ಸಾಹಿತ್ಯದ ಹಾಳೆಯ ಮೇಲೆ ಎಲ್ಲೆಲ್ಲಿ ಉಸಿರು ಎಂದು ಪೆನ್ಸಿಲಿನಲ್ಲಿ ಗುರುತು ಹಾಕಿ, ಅರ್ಥ ತುಂಡಾಗುವ ಕಡೆ ಹಾಕಬೇಡಿ.

ಉಚ್ಚಾರಣೆಯಲ್ಲಿ ಕನ್ನಡಿಗರಿಗೇ ಮೀಸಲಾದ ಒಂದು ತೊಡಕಿದೆ, ಇದನ್ನು ಇಂಗ್ಲಿಷ್ ಪಾಠಗಳಲ್ಲಿ ಯಾರೂ ಹೇಳುವುದಿಲ್ಲ. ನಮ್ಮ ಪದಗಳು ಬಹುಪಾಲು ಸ್ವರದಲ್ಲಿ ಕೊನೆಯಾಗುತ್ತವೆ. ಬಸ್ಸು, ಕಾರು, ಬ್ಯಾಂಕು ಎಂದು ಇಂಗ್ಲಿಷಿಗೂ ಬಾಲ ಅಂಟಿಸಿದವರು ನಾವು. ಹಾಡಿನಲ್ಲಿ ಹಾಗೆ ಮಾಡಬಾರದೆಂದು ತಿಳಿದ ವಿದ್ಯಾವಂತರು ಅದರ ವಿರುದ್ಧ ತುದಿಗೆ ಹೋಗಿ ಕೊನೆಯ ವ್ಯಂಜನವನ್ನು ಬೇಗನೆ ಮುಚ್ಚಿಬಿಡುತ್ತಾರೆ, ಸ್ವರ ಉಸಿರುಗಟ್ಟುತ್ತದೆ. ‘ಹೋಮ್’ ಎಂಬ ಒಂದೇ ಪದವನ್ನು ತೆಗೆದುಕೊಳ್ಳಿ. ಓಕಾರವನ್ನು ಪೂರ್ತಿ ಬಾಳಿಸಿ, ಕೊನೆಯಲ್ಲಿ ತುಟಿ ಮುಚ್ಚಿದ ಮೇಲೂ ಮಕಾರವನ್ನು ಝೇಂಕಾರದಂತೆ ಮುಂದುವರಿಸಿ. ಓಂಕಾರ ಹೇಳಿ ಅಭ್ಯಾಸವಿದ್ದವರಿಗೆ ಇದಕ್ಕಿಂತ ಸುಲಭವಾದದ್ದು ಇನ್ನೊಂದಿಲ್ಲ. ಈ ಝೇಂಕಾರವನ್ನು ಮೈಕ್ ಬಹಳ ಪ್ರೀತಿಯಿಂದ ಹಿಡಿಯುತ್ತದೆ, ಕ್ರೂನಿಂಗಿನ ಬೆಚ್ಚಗಿನ ಗುಣದಲ್ಲಿ ಮ, ನ, ಲಕಾರಗಳ ಪಾತ್ರ ಸಣ್ಣದಲ್ಲ.

ನಿಮ್ಮ ಅಕ್ಕನವರಿಗೆ ಹೇಳಿ, ಧ್ವನಿತಂತುಗಳಿಗೆ ರಾಗವೂ ಗೊತ್ತಿಲ್ಲ, ಸ್ವಿಂಗೂ ಗೊತ್ತಿಲ್ಲ. ಅವಕ್ಕೆ ಗೊತ್ತಿರುವುದು ಒತ್ತಡ, ದಣಿವು ಮತ್ತು ವಿಶ್ರಾಂತಿ. ಕರ್ನಾಟಕ ಸಂಗೀತದಿಂದ ನಿಮಗೆ ಬಂದ ಶ್ರುತಿಜ್ಞಾನ ಮತ್ತು ಅಕಾರ ಸಾಧನೆ ಇಲ್ಲಿ ದೊಡ್ಡ ಆಸ್ತಿ. ಅವರ ಆತಂಕ ನಿಜವಾಗುವ ಒಂದು ಜಾಗ ಇದೆ, ಅದು ಅಭ್ಯಾಸದ ಬೆರಕೆ. ಸ್ವರಕ್ಕೆ ಕೆಳಗಿನಿಂದ ಜಾರಿ ಬಂದು ಸೇರುವುದು ಇಲ್ಲಿ ಅಲಂಕಾರ, ಅಲ್ಲಿ ಅದೇ ಜಾರು ಕೆಲವು ಸ್ವರಗಳಿಗೆ ಮಾತ್ರ ಸಲ್ಲುತ್ತದೆ. ಹಾಗೆಯೇ ನಿಮ್ಮ ಗಮಕ ಇಲ್ಲಿ ಹಾರ್ಮನಿಯ, ಅಂದರೆ ಒಟ್ಟಿಗೆ ನುಡಿಯುವ ಸ್ವರಗುಚ್ಛದ, ಮೇಲೆ ಬಿದ್ದು ಅಪಶ್ರುತಿಯಂತೆ ಕೇಳಿಸಬಹುದು, ಏಕೆಂದರೆ ಕೆಳಗಿನ ವಾದ್ಯಸ್ವರಗಳು ತಂಬೂರಿಯಂತೆ ನಿಂತಿರದೆ ಬದಲಾಗುತ್ತಲೇ ಇರುತ್ತವೆ. ಎರಡನ್ನೂ ಒಂದೇ ಕೂರುವಿಕೆಯಲ್ಲಿ ಹಾಡದಿದ್ದರೆ ಸಾಕು.

ಈಗ ವಾರ್ಷಿಕೋತ್ಸವಕ್ಕೆ ಬರೋಣ. ನಾಲ್ಕನ್ನೂ ಮೂಲ ಶ್ರುತಿಯಲ್ಲೇ ಹಾಡುವುದು ನಿಮ್ಮ ಮೊದಲ ಯೋಚನೆ, ನಾನು ಅದನ್ನು ಬೇಡವೆನ್ನುತ್ತೇನೆ. ‘ಫೀಲಿಂಗ್ ಗುಡ್’ನ ಕೊನೆಯಲ್ಲಿ ಹಿತ್ತಾಳೆ ವಾದ್ಯಗಳ ಅಬ್ಬರದ ಮೇಲೆ ದನಿ ಪೂರ್ತಿ ತೆರೆದು ನಿಲ್ಲಬೇಕು. ಆರು ವಾರದಲ್ಲಿ, ಅದೂ ಗುಣವಾಗುತ್ತಿರುವ ಗಂಟಲಿನಲ್ಲಿ, ಅದು ಜೂಜು. ಶ್ರುತಿ ಇಳಿಸಿ ಹಾಡುವುದು ಎರಡನೆಯ ದಾರಿ. ಮೊಬೈಲಿನ ತಂತ್ರಾಂಶಗಳಲ್ಲೇ ಟ್ರ್ಯಾಕನ್ನು ಇಳಿಸಬಹುದು, ಹಾರ್ಮೋನಿಯಮ್ಮಿನ ಎರಡು ಮೂರು ಮನೆಗಳಷ್ಟು ಇಳಿಸಿದರೆ ಸಹ್ಯ, ಅದಕ್ಕಿಂತ ಹೆಚ್ಚಾದರೆ ತಾಳವಾದ್ಯಗಳ ಸದ್ದು ಕೊಳೆತಂತಾಗುತ್ತದೆ. ಮೇಲಿನ ಸ್ವರಕ್ಕೆ ಅನುಕೂಲವಾಯಿತೆಂದು ಇಳಿಸಿದಾಗ ಆರಂಭದ ತಗ್ಗಿನ ಸಾಲುಗಳು ಮಂದ್ರದಲ್ಲಿ ಮುಳುಗಿಹೋಗುವ ಅಪಾಯವಿದೆ, ಆದ್ದರಿಂದ ಹಾಡಿನ ಅತಿ ಕೆಳಗಿನ ಸ್ವರವನ್ನು ಮೊದಲು ಪರೀಕ್ಷಿಸಿ ಆಮೇಲೆ ಶ್ರುತಿ ನಿರ್ಧರಿಸಿ. ಮೂರನೆಯದು, ನಾನಾಗಿದ್ದರೆ ಆರಿಸುತ್ತಿದ್ದುದು, ಎರಡೇ ಹಾಡು. ‘ಹೋಮ್’ ಮತ್ತು ‘ಸೇವ್ ದ ಲಾಸ್ಟ್ ಡಾನ್ಸ್’ ಎರಡಕ್ಕೂ ದೊಡ್ಡ ದನಿ ಬೇಡ, ಸ್ವಿಂಗಿನ ಪರೀಕ್ಷೆಯೂ ಇಲ್ಲ. ಪೋರ್ಟರರ ಹಾಡನ್ನು ಮುಂದಿನ ವರ್ಷಕ್ಕೆ ಇಟ್ಟುಕೊಳ್ಳಿ. ಕಚೇರಿಯಲ್ಲಿ ಗಿಟಾರೋ ಕೀಬೋರ್ಡೋ ನುಡಿಸುವವರಿದ್ದರೆ ‘ಹೋಮ್’ ಅನ್ನು ಕರೋಕೆಯಿಲ್ಲದೆ ಅವರೊಬ್ಬರ ಜೊತೆ ಹಾಡಬಹುದು. ನೀವು ಉಸಿರು ತಪ್ಪಿದರೆ ಮನುಷ್ಯ ಕಾಯುತ್ತಾನೆ, ಟ್ರ್ಯಾಕು ಕಾಯುವುದಿಲ್ಲ. ಹಾಗೆ ಮಾಡುವುದಾದರೆ ಕನಿಷ್ಠ ಐದಾರು ಸಲ ಜೊತೆಯಾಗಿ ಅಭ್ಯಾಸವಾಗಿರಬೇಕು.

ಆಮೇಲೆ ಮುದ್ರಿಸಿ ಜಾಲತಾಣಕ್ಕೆ ಹಾಕುವ ಯೋಚನೆ ಬಂದರೆ ಇಷ್ಟು ತಿಳಿದಿರಲಿ. ಹಾಡಿನ ಹಕ್ಕು ಬೇರೆ, ಕರೋಕೆ ಟ್ರ್ಯಾಕಿನ ಹಕ್ಕು ಬೇರೆ, ಎರಡನ್ನೂ ಬಳಸುತ್ತೀರಿ. ‘ಹಳೆಯ ಹಾಡು, ಯಾರೂ ಕೇಳುವುದಿಲ್ಲ’ ಎಂಬುದು ನಮ್ಮ ನಡುವೆ ಬೇರೂರಿದ ತಪ್ಪು. ಭಾರತದಲ್ಲಿ ಗೀತಕಾರ, ಸಂಯೋಜಕರು ತೀರಿಹೋಗಿ 60 ವರ್ಷಗಳವರೆಗೆ ಹಕ್ಕು ಉಳಿಯುತ್ತದೆ, ನಿಮ್ಮ ಎರಡು ಹಾಡುಗಳಿಗೂ ಆ ಅವಧಿ ಇನ್ನೂ ದೂರ. ಯೂಟ್ಯೂಬಿನಂಥ ಕಡೆ ಹಕ್ಕುದಾರರು ನಿಮ್ಮ ವಿಡಿಯೋದ ಆದಾಯವನ್ನು ತಮ್ಮದಾಗಿಸಿಕೊಳ್ಳಬಹುದು, ಇಲ್ಲವೇ ಅದನ್ನು ತಡೆಹಿಡಿಯಬಹುದು. ಕಾರ್ಯಕ್ರಮದ ಪರವಾನಗಿಯ ವಿಚಾರವನ್ನು ಆಯೋಜಕರ ಗಮನಕ್ಕೆ ತಂದುಬಿಡಿ.

ಕೊನೆಯದಾಗಿ, ಆ ದಿನದ ಮೈಕಿನವರ ಜೊತೆ ಮೊದಲೇ ಮಾತಾಡಬೇಕು. ಮೆಲ್ಲಗೆ ಹಾಡುವವನಿಗಾಗಿ ಮೈಕಿನ ಮಟ್ಟ ಏರಿಸಿದಾಗ ಸ್ಪೀಕರಿನ ಸದ್ದು ಮರಳಿ ಮೈಕಿಗೆ ಬಂದು ಕಿರ್ರೆನ್ನುವುದು ನಮ್ಮ ಸಭಾಂಗಣಗಳ ಖಾಯಂ ಪಿಡುಗು. ಅದಕ್ಕೆ ಹೆದರಿ ಅವರು ಮಟ್ಟ ಇಳಿಸುತ್ತಾರೆ, ನೀವು ಕೂಗುತ್ತೀರಿ, ಆರು ವಾರದ ಅಭ್ಯಾಸ ಅಲ್ಲಿಗೆ ಮುಗಿಯಿತು. ಒಮ್ಮೆ ನಾನೇ ಹೀಗೆ ಅವಸರದಲ್ಲಿ ಮಟ್ಟ ಇಳಿಸಿ ಒಳ್ಳೆಯ ಗಾಯಕಿಯೊಬ್ಬರ ಸಂಜೆಯನ್ನು ಹಾಳುಮಾಡಿದ್ದೇನೆ. ದೊಡ್ಡ ಸ್ಪೀಕರುಗಳು ನಿಮ್ಮ ಮುಂದೆ ಇರಲಿ, ಹಿಂದೆ ಬೇಡ. ನಿಮ್ಮ ದನಿ ನಿಮಗೇ ಕೇಳಿಸಲು ಕಾಲ ಬಳಿ ಒಂದು ಮಾನಿಟರ್ ಸ್ಪೀಕರ್ ಇಡಲು ಹೇಳಿ, ಅದರ ಮುಖ ಮೈಕಿನ ಬೆನ್ನಿನ ಕಡೆಗಿರಲಿ. ಮೈಕಿನ ಜಾಲರಿಯನ್ನು ಅಂಗೈಯಿಂದ ಮುಚ್ಚಿ ಹಿಡಿಯಬೇಡಿ. ಧ್ವನಿ ಪರೀಕ್ಷೆಯ ಹೊತ್ತಿಗೆ ‘ಹಲೋ, ಒನ್, ಟೂ’ ಎನ್ನದೆ, ‘ಹೋಮ್’ನ ಮೊದಲ ಸಾಲನ್ನು ನೀವು ಹಾಡಲಿರುವಷ್ಟೇ ಮೆಲ್ಲಗೆ ಹಾಡಿ ತೋರಿಸಿ, ಮಟ್ಟವನ್ನು ಅದಕ್ಕೇ ನಿಲ್ಲಿಸಲು ಹೇಳಿ.